ಪುಸ್ತಕದ ಆಚೆ ಬದಿ

ನಮ್ಮವರು ಬೆಳಗಿನ ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರವಿಕೊಂಡು ಓದುತ್ತಾರೆ. ಎದುರಿಗೆ ಕೂತು ಹುರುಳಿಕಾಯಿಯ ನಾರು ತೆಗೆಯುವ ನಾನು, ಅವರು ಪುಟ ತಿರುಗಿಸುವ ಮೊದಲೇ ಆ ಪುಟವನ್ನು ಓದಿ ಮುಗಿಸಿ ಕಾಯುತ್ತಿರುತ್ತೇನೆ. ಮದುವೆಯಾದ ಹೊಸತರಲ್ಲಿ ಅವರಿಗೆ ಇದು ನಂಬಿಕೆಯೇ ಆಗಲಿಲ್ಲ. ನಾನು ಹೇಳಿದ ಸುದ್ದಿಯನ್ನು ಬೆರಳಿಟ್ಟು ಹುಡುಕಿ, "ಹೌದಲ್ಲೇ!" ಎಂದು ಕನ್ನಡಕ ತೆಗೆದು ನನ್ನ ಮುಖ ನೋಡಿದ್ದರು. ಬೆಂಗಳೂರಿನ ಕಾನ್ವೆಂಟಿನಲ್ಲಿ ನನಗೆ ಪಾಠ ಹೇಳಿದ ಸಿಸ್ಟರ್ ಒಬ್ಬರಂತೂ ನನ್ನನ್ನು ಮೇಜಿನೆದುರು ನಿಲ್ಲಿಸಿಕೊಳ್ಳುವ ಮೊದಲು ತಮ್ಮ ಕಾಗದಗಳನ್ನೆಲ್ಲ ಮಗುಚಿ ಇಡುವುದನ್ನು ರೂಢಿ ಮಾಡಿಕೊಂಡಿದ್ದರು. ಇದನ್ನು ನಾನು ಯಾರಿಂದಲೂ ಬೇಕೆಂದು ಕಲಿತದ್ದಲ್ಲ. ನಮ್ಮೂರಿನ ಶಾಲೆ ನನಗೆ ಕೊಟ್ಟು ಕಳಿಸಿದ ಬಳುವಳಿ ಇದು. ಆ ಬಳುವಳಿಯಿಂದಾಗಿ ನನ್ನ ಓದು ಒಂದು ಶ್ರಾವಣದಲ್ಲಿ ನಿಂತೇ ಹೋಗುವುದರಲ್ಲಿತ್ತು.

ನಮ್ಮದು, ಬಡವನಹಳ್ಳಿ ಸಂತೆಗೆ ಮುಂಜಾನೆ ಗಾಡಿ ಕಟ್ಟಿದರೆ ಬಿಸಿಲೇರುವಷ್ಟರಲ್ಲಿ ತಲುಪಬಹುದಾದ ಊರು. ಮಣ್ಣಿನ ಮಾಳಿಗೆ ಮನೆ. ನಡುಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಒಂದೇ ಬೆಳಕಿಂಡಿಯಿಂದ. ಆ ಬೆಳಕಿನ ಚೌಕ ಬೆಳಿಗ್ಗೆ ಕಣಜದ ಮೇಲಿದ್ದು, ಮಧ್ಯಾಹ್ನ ಬೀಸುವ ಕಲ್ಲಿನ ಬಳಿಗೆ ಸರಿದು, ಸಂಜೆಗೆ ದೇವರಮನೆಯ ಹೊಸಿಲು ಹತ್ತುತ್ತಿತ್ತು. ಅಮ್ಮ ಆ ಚೌಕ ನೋಡಿಯೇ ಮುದ್ದೆಗೆ ಎಸರಿಡುತ್ತಿದ್ದಳು. ಅಪ್ಪನದು ಕಂಬಳಿ ವ್ಯಾಪಾರ. ಸುತ್ತಿನ ಹಟ್ಟಿಗಳ ಕುರುಬರು ನೇಯ್ದು ತಂದ ಕಂಬಳಿಗಳು ಒಂದು ಗೋಡೆಯ ಉದ್ದಕ್ಕೂ ಎದೆಯೆತ್ತರ ಪೇರಿಸಿರುತ್ತಿದ್ದವು. ಉಣ್ಣೆಯ ಕಮಟು, ಕಂಬಳಿಗೆ ಹಾಕಿದ ಹುಣಸೆಬೀಜದ ಗಂಜಿಯ ವಾಸನೆ, ತಾತನ ವಿಭೂತಿಯ ವಾಸನೆ, ಈ ಮೂರೂ ಸೇರಿದರೆ ನನಗೆ ಇವತ್ತಿಗೂ ಅದೇ ಮನೆ. ಅಪ್ಪ ತಿಂಗಳಲ್ಲಿ ಹೆಚ್ಚು ದಿನ ಸಿರಾ, ಪಾವಗಡ ಎಂದು ಸಂತೆಗಳನ್ನು ತಿರುಗುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ತಾತ, ಅಜ್ಜಿ, ಅಮ್ಮ, ನಾನು.

ಶ್ರಾವಣದ ಸೋಮವಾರಗಳಲ್ಲಿ ಸಂಜೆಯ ಪೂಜೆಯಾದ ಮೇಲೆ ತಾತ ನಡುಮನೆಯಲ್ಲಿ ಪುರಾಣ ಓದುವುದು ನಾನು ಹುಟ್ಟುವ ಮೊದಲಿಂದಲೂ ನಡೆದು ಬಂದಿತ್ತು. ಕೇರಿಯ ಹೆಂಗಸರು ಹತ್ತಿಯ ಬುಟ್ಟಿ ಹಿಡಿದುಕೊಂಡು ಬಂದು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ಗಂಡಸರು ಬಾಗಿಲ ಕಡೆ. ಹಿತ್ತಾಳೆಯ ಕಾಲುದೀಪ ಯಾವಾಗಲೂ ತಾತನ ಬಲಕ್ಕೆ. ಎರಡು ವರ್ಷಗಳಿಂದ ತಾತನ ಕಣ್ಣಿಗೆ ಪೊರೆ ಬಂದು, ಆ ವರ್ಷವಂತೂ ಎದುರು ನಿಂತವರನ್ನು ದನಿಯಿಂದ ಗುರುತಿಸುವ ಹಾಗಾಗಿತ್ತು. ಆದರೂ ತಾತ ಎಲ್ಲಿ ಕೂತರೆ ಅಜ್ಜಿ ದೀಪವನ್ನು ಅಲ್ಲಿಗೇ ತಂದು ಬಲಕ್ಕಿಡುತ್ತಿದ್ದಳು. "ಈಗ್ಯಾಕೆ ಅಲ್ಲಿ" ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಣ್ಣು ಹೋದದ್ದಕ್ಕೆ ಅಜ್ಜಿ ಕಂಡುಕೊಂಡಿದ್ದ ಕಾರಣ ಒಂದೇ.

"ಓದೀ ಓದೀ ಸವೆಸ್ಕೊಂಡ್ರು. ಕಣ್ಣೇನು ಕಲ್ಲಾ? ಕಾದ ಹಾಲ್ನಂಗೆ ಕೆನೆ ಕಟ್ಟೈತೆ ನೋಡು."

ಆ ಶ್ರಾವಣದ ಮೊದಲ ಸೋಮವಾರ ತಾತ ತನ್ನ ಮಣೆಯನ್ನು ನನಗೆ ಬಿಟ್ಟುಕೊಟ್ಟು ಕಂಬಕ್ಕೊರಗಿ ಕೂತ. ದೀಪವೂ ಅವನ ಜೊತೆಯಲ್ಲೇ ಕಂಬದ ಹತ್ತಿರ ಹೋಯಿತು.

"ಇವತ್ತು ನಮ್ಮ ಪುಟ್ಟಿ ಓದ್ತಾಳೆ. ಮೂರನೇ ಕ್ಲಾಸು ಅಂದ್ರೆ ಸುಮ್ನೇನಾ?" ಎಂದ. ಅವನ ದನಿಯಲ್ಲಿದ್ದ ಜಂಬ ನನ್ನ ಕಿವಿ ಬಿಸಿಯಾಗಿಸಿತು.

ಅಮ್ಮ ನನಗೆ ಹೊಸ ಲಂಗ ಉಡಿಸಿ, ಹಣೆಗೆ ವಿಭೂತಿ ಎಳೆದು ಕೂರಿಸಿದ್ದಳು. ಮುಂದೆ ವ್ಯಾಸಪೀಠ, ಅದರ ಮೇಲೆ ಬಿಚ್ಚಿದ ಪುಸ್ತಕ. ನೋಡಿದೆ. ಅಕ್ಷರಗಳೆಲ್ಲ ಕಾಲು ಮೇಲೆ ಮಾಡಿಕೊಂಡು ನೇತಾಡುತ್ತಿದ್ದವು. ಬಾವಿಯ ನೀರಿನಲ್ಲಿ ಮುಖ ನೋಡಿಕೊಂಡಾಗ ಕಾಣುವ ಹಾಗೆ, ಗೊತ್ತಿರುವ ಮುಖವೇ, ಆದರೆ ಕೈ ಚಾಚಿದರೆ ಸಿಕ್ಕುವುದಿಲ್ಲ. ಬಹುಶಃ ದೊಡ್ಡವರ ಪುಸ್ತಕ ಹೀಗೇ ಇರುತ್ತದೇನೋ ಎಂದುಕೊಂಡು ಕಣ್ಣರಳಿಸಿ ಮತ್ತೆ ನೋಡಿದೆ. ಹೆಂಗಸರ ಕೈಯ ಬತ್ತಿ ನಿಂತಿತು.

"ಯಾಕವ್ವ, ಬಾಯಲ್ಲಿ ಹುರಿಗಡ್ಲೆ ಇಟ್ಕೊಂಡಿದ್ದೀಯಾ?" ಎಂದಳು ಅಜ್ಜಿ.

ನಾನು ಎದ್ದೆ. ವ್ಯಾಸಪೀಠವನ್ನು ಸುತ್ತು ಹಾಕಿ ಅದರ ಆಚೆ ಬದಿಗೆ ಹೋಗಿ, ಜನಕ್ಕೆ ಬೆನ್ನು ಮಾಡಿ ಕೂತೆ. ಈಗ ಅಕ್ಷರಗಳು ನಾನು ಬಲ್ಲ ಅಕ್ಷರಗಳೇ ಆದವು. ಗಂಟಲು ಸರಿಮಾಡಿಕೊಂಡು ಓದತೊಡಗಿದೆ. ಒತ್ತಕ್ಷರದ ಕಡೆ ಒಂದಿಷ್ಟು ಎಡವಿದ್ದು ಬಿಟ್ಟರೆ ಒಂದು ಪುಟ ಚೆನ್ನಾಗಿಯೇ ಸಾಗಿತು.

"ಅಯ್ಯೋ ಶಿವನೇ! ಕೂಸು ತಲೆಕೆಳಗಿಂದ ಓದ್ತೈತೆ ಕಣ್ರಮ್ಮಾ!" ಎಂದು ಯಾರೋ ಕೂಗಿದರು. ನಡುಮನೆಯೆಲ್ಲ ನಗುವಾಯಿತು. ನಾನೂ ನಕ್ಕೆ, ಏನೋ ಹೆಚ್ಚುಗಾರಿಕೆಯನ್ನೇ ಮಾಡಿದೆನೆಂದು. ತಾತ ಮಾತ್ರ ನಗಲಿಲ್ಲ.

"ಪುಟ್ಟಿ, ಇಸ್ಕೂಲಲ್ಲಿ ನೀನು ಯಾವ ಕಡೆ ಕೂರ್ತೀಯವ್ವ?"

"ಹುಡ್ಗೀರ ಕಡೆ ತಾತ."

"ಪುಸ್ತಕ ಯಾವ ಕಡೆ ಇರ್ತೈತೆ?"

"ಮಧ್ಯದಲ್ಲಿ. ಹುಡುಗ್ರ ಕಡೆ ಮುಖ ಮಾಡಿರ್ತೈತೆ."

"ನಿಮಗೆ ಬೇರೆ ಪುಸ್ತಕ ಇಲ್ವಾ?"

"ಎಲ್ರಿಗೂ ಒಂದೇ, ತಾತ."

ನಮ್ಮ ಶಾಲೆ ಇದ್ದದ್ದು ಹಾಗೆ. ಒಂದು ಉದ್ದನೆಯ ಕೊಠಡಿ, ಒಬ್ಬರೇ ಮೇಷ್ಟ್ರು. ಊರಿನ ಟಪಾಲು ಕಚೇರಿಯೂ ಅದೇ ಕೊಠಡಿಯಲ್ಲಿ, ಅದರ ಕೆಲಸವೂ ಅದೇ ಮೇಷ್ಟ್ರದು. ಬೆಳಿಗ್ಗೆ ಟಪಾಲಿನ ಚೀಲ ಬಂತೆಂದರೆ ಪಾಠ ನಿಂತಿತು. ಮುದ್ರೆ ಒತ್ತುವ ಟಪ್ ಟಪ್ ಸದ್ದಿಗೆ ನಾವು ಮಗ್ಗಿ ಹೇಳುತ್ತಿದ್ದೆವು. ಕಾಗದ ಬರೆಸಿಕೊಳ್ಳಲು ಬಂದವರ ಗೋಳು ಮುಗಿಯುವಾಗ ಹೊತ್ತು ನೆತ್ತಿಗೇರಿರುತ್ತಿತ್ತು. ಆಮೇಲೆ ಮೇಷ್ಟ್ರು ಗೋಡೆಗೆ ತಲೆಯಾನಿಸಿ, "ಓದ್ಕೊಳ್ಳಿ" ಎಂದು ಕಣ್ಣು ಮುಚ್ಚುತ್ತಿದ್ದರು. ಕಪ್ಪುಹಲಗೆ ಟಪಾಲು ವಿಂಗಡಿಸುವ ಮೇಜಾಗಿ ನಾಲ್ಕು ಇಟ್ಟಿಗೆಗಳ ಮೇಲೆ ಅಂಗಾತ ಮಲಗಿತ್ತು. ಕೊಠಡಿಯ ನಡುವೆ ಒಂದು ಮಣೆ, ಮಣೆಯ ಮೇಲೆ ನಮ್ಮ ತರಗತಿಯ ಒಂದೇ ಪುಸ್ತಕ, ಈಚೆ ಹುಡುಗರು, ಆಚೆ ನಾವು ಹುಡುಗಿಯರು. ಅಕ್ಷರವನ್ನು ನಾನು ಮೊತ್ತಮೊದಲು ಕಂಡದ್ದೇ ಆಚೆ ಬದಿಯಿಂದ. ಕಂಡ ಹಾಗೆ ಕಲಿತೆ. ಸ್ಲೇಟಿನ ಮೇಲೂ ಕಂಡ ಹಾಗೆಯೇ ಬರೆಯುತ್ತಿದ್ದೆ. ಮೇಷ್ಟ್ರು ಹುಡುಗರ ಬದಿಯಿಂದ ಇಣುಕಿ ನೋಡಿದರೆ ಅವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಬರುವ ಇನ್‌ಸ್ಪೆಕ್ಟರು ಹುಡುಗರಿಂದ ಓದಿಸಿ, ಹುಡುಗಿಯರಿಂದ ಹಾಡಿಸಿ, ಎಳನೀರು ಕುಡಿದು ಹೋಗುತ್ತಿದ್ದರು. ಮನೆಯಲ್ಲಿ ಅಮ್ಮನಿಗೂ ಅಜ್ಜಿಗೂ ಓದು ಬಾರದು, ತಾತನಿಗೆ ಕಣ್ಣಿಲ್ಲ, ಅಪ್ಪ ಊರಲ್ಲಿಲ್ಲ. ಇನ್ನು ಪುಸ್ತಕ ಕೊಳ್ಳುವ ಮಾತನ್ನು ಮೇಷ್ಟ್ರು ಆಡಿರಲಿಲ್ಲ, ನಮ್ಮವರು ಕೇಳಿಯೂ ಇರಲಿಲ್ಲ. ಗುಡಿಯ ಗಂಟೆ ಗುಡಿಯಲ್ಲಿರುವ ಹಾಗೆ ಶಾಲೆಯ ಪುಸ್ತಕ ಶಾಲೆಯಲ್ಲಿರುತ್ತದೆ ಎಂದೇ ಎಲ್ಲರ ಎಣಿಕೆ.

ಆ ವಾರ ಅಪ್ಪ ಸಿರಾದಿಂದ ಬಂದವನು ಊಟಕ್ಕೆ ಕೂತಿದ್ದ. ಅಜ್ಜಿ ಸಾರಿನ ಜೊತೆಗೇ ಸುದ್ದಿಯನ್ನೂ ಬಡಿಸಿದಳು. ಅಪ್ಪನ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು.

"ಮೂರು ವರ್ಷದಿಂದ ಮಕ್ಕಳನ್ನ ತಲೆಕೆಳ್ಗೆ ನೇತಾಕಿದ್ದಾನಲ್ಲ ಈವಯ್ಯ! ನಾಳೇನೇ ಮಧುಗಿರಿಗೆ ಹೋಗ್ತೀನಿ. ಇನ್‌ಸ್ಪೆಕ್ಟ್ರ ಮುಂದೆ ನಿಂತ್ಕೊಂಡು ಕೇಳ್ತೀನಿ."

"ಮಧುಗಿರಿಗೂ ಬ್ಯಾಡ, ಮೈಸೂರಿಗೂ ಬ್ಯಾಡ. ಬುಡ್ಸು," ಎಂದಳು ಅಜ್ಜಿ. "ರೊಟ್ಟಿ ತಟ್ಟಕ್ಕೆ ಯಾವ ಕಡೆಯಿಂದ ಕೂತ್ರೂ ನಡೀತೈತೆ. ಇವ್ರದ್ದಂತೂ ಹೋಯ್ತು, ಈ ಕೂಸಿನ ಕಣ್ಣಾದ್ರೂ ಉಳೀಲಿ."

"ಅವ್ವಾ, ಓದಿದ್ರೆ ಕಣ್ಣು ಹೋಗಲ್ಲ."

"ಯಾಕೆ ಹೋಗಲ್ಲ? ನಂಗೆ ಹೋಗೈತಾ? ನಿನ್ನ ಹೆಂಡ್ರಿಗೆ ಹೋಗೈತಾ? ಓದಿದ್ದು ಇವ್ರೊಬ್ರೇ, ಹೋಗಿದ್ದೂ ಇವ್ರೊಬ್ರದ್ದೇ!"

ಒಲೆಯ ಬಳಿಯಿಂದ ಅಮ್ಮ ಮೆಲ್ಲಗೆ ಅಂದಳು: "ಆದ್ರೂ ಓದಿದ್ಲಲ್ಲ ಅತ್ತೆ. ಆ ಕಡೆಯಿಂದಾದ್ರೂ ಓದಿದ್ಲು." ಅತ್ತೆಯ ಮಾತಿಗೆ ಅಮ್ಮ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಡಿದವಳೇ ಹೆದರಿ, ಉರಿಯುತ್ತಿದ್ದ ಒಲೆಯನ್ನು ಇನ್ನೂ ಊದತೊಡಗಿದಳು.

ಅಷ್ಟರಲ್ಲಿ ಜಗಲಿಯ ಮೇಲೆ ಕಂಬಳಿ ಇಳಿಸುತ್ತಿದ್ದ ಬೀರಣ್ಣ ಒಳಕ್ಕೆ ಕೇಳುವ ಹಾಗೆ ಹೇಳಿದ. ಅವನ ಮಗಳು ಕೆಂಚಿ ಶಾಲೆಯಲ್ಲಿ ನನ್ನ ಮಗ್ಗುಲಿನವಳು.

"ಯಜಮಾನ್ರ ಮನೆ ಕೂಸೇ ಬುಟ್ರೆ ನಮ್ ಕೆಂಚಿಗೇನು ಇಸ್ಕೂಲು ಬುಡಿ. ಕುರಿ ಹಿಂದೆ ಹೊಂಟೋಗ್ತಾಳೆ."

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಅದು ಹಾಗೇ ಇತ್ತು. ಊರಿನ ಹುಡುಗಿಯರೆಲ್ಲ ನಾನು ಹೋಗುತ್ತೇನೆಂದು ಶಾಲೆಗೆ ಬಂದವರು. ನಾನು ಬಿಟ್ಟರೆ ಆಚೆ ಬದಿಯ ಸಾಲೇ ಖಾಲಿ. ತಾತ ತಟ್ಟೆಯ ಅಂಚನ್ನು ಬೆರಳಿನಿಂದ ಸವರುತ್ತ, "ಮೊದ್ಲು ಮೇಷ್ಟ್ರನ್ನ ಮನೆಗೆ ಕರೀರಿ. ಕರೆದು ಕೇಳ್ದೆ ದೂರು ಕೊಡೋದು ನಮ್ಮ ಮನೆ ಪದ್ಧತಿ ಅಲ್ಲ" ಎಂದ.

ಮೇಷ್ಟ್ರು ಮಾರನೆಯ ಸಂಜೆ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಮೋಡವಿಲ್ಲದ ದಿನವೂ ಅವರ ಕಂಕುಳಲ್ಲಿ ಕೊಡೆ. ಮೃದು ಮನುಷ್ಯ. ಮಕ್ಕಳ ಮೇಲೆ ಕೈ ಎತ್ತಿದವರಲ್ಲ, ಬೇಸಿಗೆಯಲ್ಲಿ ನಮ್ಮ ಬಾಯಾರಿಕೆ ನೋಡಿ ಪಾಠ ಬಿಟ್ಟು ತಾವೇ ನೀರು ಸೇದಿ ತರುತ್ತಿದ್ದವರು. ಅವರು ಬ್ರಾಹ್ಮಣರು, ನಮ್ಮಲ್ಲಿ ಉಣ್ಣುವ ಹಾಗಿರಲಿಲ್ಲ. ನಮ್ಮ ಅಜ್ಜಿಯೂ ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಹಾಲು ಬಾಳೆಹಣ್ಣಿಗೆ ಮಾತ್ರ ಎರಡು ಕಡೆಯ ಮಡಿಯೂ ಅಡ್ಡ ಬರುತ್ತಿರಲಿಲ್ಲ. ಅಮ್ಮ ಬೆಳ್ಳಿಯ ಲೋಟದಲ್ಲಿ ಹಾಲು ತಂದಿಟ್ಟಳು. ಬೈಯಲು ಕರೆಸಿದವರಿಗೆ ಬೆಳ್ಳಿ ಲೋಟ ಯಾಕೆ ಎಂದು ಅಜ್ಜಿ ಕಣ್ಣಿನಲ್ಲೇ ಕೇಳಿದಳು. ಬೈಯಲು ಕರೆಸಿದ್ದಕ್ಕೇ ಎಂದು ಅಮ್ಮನ ಮುಖ ಹೇಳಿತು.

ಅಪ್ಪ ಪುಸ್ತಕ, ಹಲಗೆ, ಟಪಾಲು ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದ. ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಇದ್ದರು.

"ನಿಜ. ಪುಸ್ತಕ ಒಂದೇ ಬಂದದ್ದು. ಟಪಾಲು ಮುಗಿಸಿ ಏಳುವಷ್ಟರಲ್ಲಿ ನನ್ನ ತ್ರಾಣವೇ ಹೋಗಿರತ್ತೆ. ಈ ಮಕ್ಕಳು ಆ ಕಡೆಯಿಂದ ಕಲೀತಿದ್ದಾರೆ ಅಂತ ನನಗೆ ಹೊಳೀಲೇ ಇಲ್ಲ. ಸ್ಲೇಟು ನೋಡಿದರೆ ಸರಿಯಾಗೇ ಇರ್ತಿತ್ತಲ್ಲ."

"ಅಲ್ಲಾ ಮೇಷ್ಟ್ರೇ, ಮಕ್ಕಳನ್ನ ಹಂಗೆ ಎದುರುಬದುರು ಕೂರ್ಸಿ ಅಂತ ನಿಮಗೆ ಹೇಳ್ದೋರಾದ್ರೂ ಯಾರು?"

ಮೇಷ್ಟ್ರು ಹಾಲಿನ ಲೋಟವನ್ನೇ ನೋಡಿದರು. ಆಮೇಲೆ ತಾತನ ಕಡೆ ತಿರುಗಿ, ತಪ್ಪು ತಮ್ಮದೇ ಎಂಬಂಥ ದನಿಯಲ್ಲಿ, "ಯಜಮಾನ್ರೇ ಹೇಳಿದ್ದು" ಎಂದರು.

ತಾತನ ಮುಖದಲ್ಲಿ ನೆನಪು ಮೆಲ್ಲಗೆ ಮೇಲೆ ಬಂದದ್ದನ್ನು ನಾನು ನೋಡಿದೆ. ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸಬಹುದು ಎಂದು ಊರು ಒಪ್ಪಿದಾಗ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನಿಬಂಧನೆ ಹಾಕಿದವನು ಅವನೇ. ಹುಡುಗರ ಮಗ್ಗುಲಲ್ಲಿ ಹುಡುಗಿಯರು ಕೂರಬಾರದು. ನಡುವೆ ಒಂದು ಮೇರೆ ಇರಲಿ. ಪುಸ್ತಕವೇ ಮೇರೆಯಾಗಲಿ. ಅಂದು ಆ ಮಾತಿಗೆ ಊರೆಲ್ಲ ತಲೆದೂಗಿತ್ತಂತೆ.

"ಹಂಗಾದ್ರೆ," ಎಂದ ತಾತ, "ಇನ್‌ಸ್ಪೆಕ್ಟ್ರು ಬಂದ್ರೆ ಮೊದ್ಲು ನನ್ನ ಕಿವಿ ಹಿಂಡ್ಬೇಕು." ಅವನು ನಕ್ಕ ಮೇಲೆ ಅಪ್ಪನಿಗೂ ನಗದೆ ಬೇರೆ ದಾರಿ ಇರಲಿಲ್ಲ. ಮಧುಗಿರಿಯ ಮಾತು ಅಲ್ಲಿಗೆ ನಿಂತಿತು. ಮೇಷ್ಟ್ರು ಆಗ ಹಾಲು ಕುಡಿದರು.

ಆದರೆ ಮಾಡುವುದೇನು? ಪುಸ್ತಕಗಳನ್ನು ತುಮಕೂರಿನಿಂದ ತರಿಸುತ್ತೇನೆ ಎಂದ ಅಪ್ಪ. ಪುಸ್ತಕ ಬಂದರೂ ಮಕ್ಕಳೆಲ್ಲ ಒಂದೇ ಕಡೆ ಮುಖ ಮಾಡಿ ಕೂತರೆ ತಾನೆ ಪಾಠ? ಒಂದೇ ಕಡೆ ಕೂರಿಸಿದರೆ ಹುಡುಗ ಹುಡುಗಿಯರು ಮಗ್ಗುಲಾದರು. ಊರು ಒಪ್ಪುವುದಿಲ್ಲ. ನಡುವೆ ತಡಿಕೆ ಕಟ್ಟಿಸೋಣವೇ, ಮಣ್ಣಿನ ಗೋಡೆ ಎಬ್ಬಿಸೋಣವೇ ಎಂದು ಗಂಡಸರು ಮಾತಾಡುತ್ತಿರುವಾಗ ಅಜ್ಜಿ ಎಲೆಯಡಿಕೆಯ ತಟ್ಟೆಯನ್ನು ಸದ್ದಾಗುವ ಹಾಗೆ ಇಟ್ಟಳು.

"ಗೋಡೆ ಯಾಕೆ? ನಡುಮಧ್ಯೆ ನಾನೇ ಕೂತ್ಕೋತೀನಿ. ಅಲ್ಲಿ ಏನು ಕಲಿಸ್ತಾರೋ ನನ್ನ ಕಣ್ಣಲ್ಲೇ ನೋಡ್ದಂಗಾಯ್ತದೆ. ಆದ್ರೆ ಕಾರ್ತೀಕದ ಕಡೇ ಸೋಮವಾರದ ಗಂಟ ಮಾತ್ರ. ಅವತ್ತು ಇವಳು ಇದೇ ಮಣೆ ಮೇಲೆ ಕೂತು, ಈ ಕಡೆಯಿಂದ್ಲೇ ಓದ್ಬೇಕು. ಓದ್ಲಿಲ್ವಾ, ಮಾರನೇ ದಿನದಿಂದ ನನ್ನ ಜೊತೆ ಒಲೆ ಮುಂದೆ."

ಶಾಲೆ ನಿಷ್ಪ್ರಯೋಜಕ ಎಂದು ತೋರಿಸಲಿಕ್ಕೇ ಅವಳು ಹೊರಟದ್ದು. ಅದು ಎಲ್ಲರಿಗೂ ಗೊತ್ತಿತ್ತು. ಹಾಗಿದ್ದೂ ತಾತ "ಆಗ್ಲಿ" ಎಂದುಬಿಟ್ಟ.

ಮಾರನೆಯ ದಿನವೇ ಅಜ್ಜಿ ಮಣೆ, ಹತ್ತಿಯ ಬುಟ್ಟಿ, ಎಲೆಯಡಿಕೆ ಚೀಲ, ನೀರಿನ ಚೊಂಬು ಸಮೇತ ಶಾಲೆಗೆ ದಯಮಾಡಿಸಿದಳು. ಬಾಗಿಲಲ್ಲೇ ನಿಂತು ಕೊಠಡಿಯನ್ನು ಒಂದು ಸುತ್ತು ನೋಡಿದಳು. ಅಂಗಾತ ಮಲಗಿದ್ದ ಕಪ್ಪುಹಲಗೆಯ ಮೇಲೆ ಅವಳ ಕಣ್ಣು ಬಿತ್ತು.

"ಇದ್ಯಾಕೆ ಮೇಷ್ಟ್ರೇ ಮಲಗೈತೆ? ಮೈಗೆ ಹುಷಾರಿಲ್ವಾ?"

"ಟಪಾಲು ವಿಂಗಡಿಸಕ್ಕೆ ಬೇಕಲ್ಲ ತಾಯಿ."

"ಟಪಾಲು ನೆಲದ ಮೇಲೆ ಕೂರ್ಲಿ. ಅದಕ್ಕೇನು ಸೊಂಟ ನೋವಾ?"

ಅಂದು ಮಧ್ಯಾಹ್ನದೊಳಗೆ ಹಲಗೆ ಗೋಡೆಗೆ ಒರಗಿ ನಿಂತಿತು. ನಾವೆಲ್ಲ ಅದರ ಕಡೆ ಮುಖ ಮಾಡಿ ಕೂತೆವು. ಬಲಕ್ಕೆ ಹುಡುಗರು, ಎಡಕ್ಕೆ ಹುಡುಗಿಯರು, ನಡುವೆ ಬತ್ತಿ ಹೊಸೆಯುತ್ತ ಅಜ್ಜಿ. ಹುಡುಗರು ಅವಳಿಗೆ "ಗೋಡೆ ಅಜ್ಜಿ" ಎಂದು ಹೆಸರಿಟ್ಟರು. ಟಪಾಲಿನ ಚೀಲ ತಂದವನು ನಡುಪಾಠದಲ್ಲಿ ಒಳಕ್ಕೆ ನುಗ್ಗಿದರೆ, "ಕಾಗದ ಏನು ಹಸಿದು ಅಳ್ತೈತಾ? ಮಗ್ಗಿ ಮುಗೀಲಿ, ಕೂತ್ಕೊಳ್ಳಲಾ" ಎಂದು ಹೊರಗೆ ಬೇವಿನ ನೆರಳಿಗೆ ಕಳಿಸುತ್ತಿದ್ದಳು. ಹಿರಿಯ ಹೆಂಗಸಿನೆದುರು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚುವುದು ಮೇಷ್ಟ್ರಿಗೆ ಆಗದ ಮಾತು. ಮೊದಮೊದಲು ಮುಳ್ಳಿನ ಮೇಲೆ ಕೂತವರಂತಿದ್ದರು. ಆಮೇಲೆ ನೋಡಿದರೆ ಅವರಿಗೆ ಕತೆ ಹೇಳಲು ಬರುತ್ತಿತ್ತು, ಹಲಗೆಯ ಮೇಲೆ ಒಂದೇ ಗೆರೆಯಲ್ಲಿ ಆನೆ ಬರೆಯಲು ಬರುತ್ತಿತ್ತು. ಅಷ್ಟು ವರ್ಷ ಅದೆಲ್ಲ ಎಲ್ಲಿತ್ತೋ! ಒಂದು ಮಧ್ಯಾಹ್ನ ಅಜ್ಜಿಗೇ ತೂಕಡಿಕೆ ಬಂದು ಬತ್ತಿ ಕೈಯಿಂದ ಜಾರಿತು. ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟು, "ಸದ್ದು ಮಾಡಬೇಡಿ ಮಕ್ಕಳೇ, ಗೋಡೆ ಮಲಗಿದೆ" ಎಂದು ಪಿಸುಗುಟ್ಟಿದರು. ಅವಳು ಏಳುವ ತನಕ ನಮಗೆ ಸನ್ನೆಯಲ್ಲೇ ಲೆಕ್ಕ ಹೇಳಿಕೊಟ್ಟರು.

ಆದರೆ ಕಣ್ಣಿಗೆ ಹತ್ತಿದ ರೂಢಿ ಹೊಸ ಪುಸ್ತಕ ಬಂದ ಮಾತ್ರಕ್ಕೆ ಬಿಡಬೇಕಲ್ಲ? ಹಲಗೆಯ ಮೇಲಿನ ನೆಟ್ಟಗಿನ ಅಕ್ಷರ ಕಂಡರೆ ನಮ್ಮ ಸಾಲಿನ ತಲೆಗಳೆಲ್ಲ ಗಾಳಿಗೆ ಬಾಗಿದ ಜೋಳದ ತೆನೆಗಳ ಹಾಗೆ ಒಂದೇ ಕಡೆ ವಾಲುತ್ತಿದ್ದವು. ಉಪಾಯ ಹುಡುಕಿದವಳು ಕೆಂಚಿ. ಪುಸ್ತಕ ತಿರುಗಿಸುವ ಹಾಗಿಲ್ಲವಾದರೆ ನಾವೇ ತಿರುಗೋಣ ಎಂದಳು. ನಮ್ಮ ನಡುಮನೆಯ ಕಂಬಳಿ ರಾಶಿಯ ಮೇಲೆ ಇಬ್ಬರೂ ಅಂಗಾತ ಮಲಗಿ, ತಲೆಯನ್ನು ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ನೆಟ್ಟಗೆ ಹಿಡಿದ ಪುಸ್ತಕವನ್ನು ನಿರಾಯಾಸವಾಗಿ ಓದತೊಡಗಿದೆವು. ಜಡೆಗಳು ನೆಲ ಗುಡಿಸುತ್ತಿದ್ದವು. ಅಜ್ಜಿ ಒಳಗೆ ಬಂದವಳು ಕಿರುಚಿದಳು.

"ಏ ಇವ್ಳೇ, ಬಾ ಇಲ್ಲಿ, ನೋಡು ಬಾ! ಇಸ್ಕೂಲಿಗೆ ಕಳಿಸಿದ್ದಕ್ಕೆ ನಿನ್ನ ಮಗಳು ಬಾವಲಿ ಆಗೋಗವ್ಳೆ!"

ಅಮ್ಮ ಓಡಿ ಬಂದು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಂದು ರಾಗಿ ಕೇರುವಾಗ ನನ್ನನ್ನು ಕರೆದು ಮೊರದ ಮೇಲೆ ರಾಗಿಹಿಟ್ಟು ಹರವಿ ಎದುರಿಗಿಟ್ಟಳು. "ನಿಂಗೆ ಗೊತ್ತಿರೋ ಹಂಗೇ ಒಂದು ಅಕ್ಷರ ಬರಿ" ಎಂದಳು. ನಾನು ನನ್ನ ರೂಢಿಯಂತೆ ತಲೆಕೆಳಗಾಗಿ ಬರೆದೆ. ಅಮ್ಮ ಮೊರವನ್ನು ಒಂದಿಷ್ಟೇ ತಿರುಗಿಸಿ ಕೇಳಿದಳು.

"ಇದೇನು?"

"ಮ."

ಇನ್ನೊಂದಿಷ್ಟು ತಿರುಗಿಸಿದಳು. "ಈಗ?"

"ಅದೂ ಮ ಕಣಮ್ಮ. ಅಡ್ಡ ಮಲಗೈತೆ."

"ಮಲಗಿರ್ಲಿ. ನಾಳೆ ಎದ್ದು ಕೂರ್ತೈತೆ."

ದಿನವೂ ನಾನು ಶಾಲೆಯಿಂದ ಊಟಕ್ಕೆ ಬಂದಾಗ, ಬೀಸುವ ಕಲ್ಲಿನ ಹತ್ತಿರ ಬೆಳಕಿನ ಚೌಕ ಬಂದ ಹೊತ್ತಿಗೆ ನಮ್ಮ ಮೊರದ ಪಾಠ. ಅಮ್ಮನಿಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ. ಇದು ಅವಳಿಗೆ ಹೇಗೆ ಹೊಳೆಯಿತೆಂದು ಕೇಳಿದರೆ, "ಬಾಗಿಲಿಗೆ ರಂಗೋಲಿ ಹಾಕೋವಾಗ ನಾನು ಸುತ್ತ ಸುತ್ತ ತಿರುಗ್ತೀನಲ್ಲ. ಬಾಗಿಲ ಕಡೆಯಿಂದ ಕಂಡ ಹೂವೇ ಬೀದಿ ಕಡೆಯಿಂದ್ಲೂ ಹೂವು" ಎಂದಳು. ಅವಳು ಮೊರವನ್ನು ತಿರುಗಿಸುವಾಗ ಬಳೆಗಳು ಮೊರದ ಅಂಚಿಗೆ ತಾಗಿ ಕಿಣಿಗುಟ್ಟುತ್ತಿದ್ದವು. ಇಂದಿಗೂ ಹೊಸ ಪುಟ ತೆರೆದರೆ ನನಗೆ ಒಮ್ಮೊಮ್ಮೆ ಆ ಸದ್ದು ಕೇಳಿಸುತ್ತದೆ. ದೀಪಾವಳಿಯ ಹೊತ್ತಿಗೆ ನೆಟ್ಟಗಿನ ಅಕ್ಷರಗಳು ನನಗೆ ಪರಿಚಯವಾಗಿದ್ದವು, ಆದರೆ ಸಲಿಗೆ ಇನ್ನೂ ಆಗಿರಲಿಲ್ಲ. ಹಳೆಯ ಬದಿಯಿಂದ ಓಡುತ್ತಿದ್ದವಳು ಹೊಸ ಬದಿಯಿಂದ ಅಂಬೆಗಾಲಿಡುತ್ತಿದ್ದೆ. ರಾತ್ರಿ ಮಲಗುವ ಮುಂಚೆ ಅಜ್ಜಿ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟಿ, ರೆಪ್ಪೆ ಬಿಡಿಸಿ ಎರಡು ಕಣ್ಣನ್ನೂ ಪರೀಕ್ಷೆ ಮಾಡುತ್ತಿದ್ದಳು.

"ಮಂಜು ಮಂಜು ಏನಾದ್ರೂ ಕಾಣ್ತೈತಾ?"

"ಇಲ್ಲ ಅಜ್ಜಿ."

"ಸುಳ್ಳು ಹೇಳ್ಬ್ಯಾಡ. ನಿಮ್ಮ ತಾತನೂ ಇಲ್ಲ ಇಲ್ಲ ಅಂತಾನೇ ಇದ್ರು." ಅವಳು ಶಾಲೆಯನ್ನು ದ್ವೇಷಿಸುತ್ತಿರಲಿಲ್ಲ, ಹೆದರಿದ್ದಳು ಅಷ್ಟೇ ಎಂಬುದು ನನಗೆ ತಿಳಿದದ್ದು ಆ ಎಣ್ಣೆಯ ಕೈಗಳಿಂದ.

ಕಾರ್ತೀಕದ ಕಡೇ ಸೋಮವಾರ ಬಂತು. ಹೊಸಿಲು, ಜಗಲಿ, ಮಾಳಿಗೆಯ ಅಂಚು ಎಲ್ಲ ಕಡೆಯೂ ಹಣತೆಗಳು. ಶಾಲೆಯಲ್ಲಿ ಅಜ್ಜಿ ಹೊಸೆದ ಬತ್ತಿಗಳೇ ಅಷ್ಟೂ. ಒಳಗಿಂದ ಅವರೆಕಾಳಿನ ಸಾರಿನ ಘಮ. ನಡುಮನೆ ತುಂಬಿತ್ತು. ಕೆಂಚಿ ಅವಳಪ್ಪ ಬೀರಣ್ಣನ ಮಗ್ಗುಲಲ್ಲಿ ಬಾಗಿಲ ಬಳಿ ಕೂತು ನನಗಿಂತ ಹೆಚ್ಚು ಬೆವರುತ್ತಿದ್ದಳು. ಮೇಷ್ಟ್ರು ಕೊಡೆ ಹಿಡಿದುಕೊಂಡು ಎಲ್ಲರಿಗಿಂತ ಹಿಂದೆ, ಅಪ್ಪನ ಪಕ್ಕದಲ್ಲಿ ನಿಂತಿದ್ದರು. ತಾತ ಕಂಬಕ್ಕೊರಗಿ ಕೂತಿದ್ದ. ಅವನ ಬಲಕ್ಕೆ ಕಾಲುದೀಪ. ನಾನು ಮಣೆಯ ಮೇಲೆ ಕೂತೆ.

ಅಜ್ಜಿ ಪೆಟ್ಟಿಗೆಯಿಂದ ಪುರಾಣದ ಪುಸ್ತಕ ತೆಗೆದಳು.

"ಬಾಯಿಪಾಠ ಮಾಡ್ಕೊಂಡಿದ್ರೆ ಯಾರಿಗೆ ಗೊತ್ತು? ಪುಟ ನಾನು ತೆಗೀತೀನಿ" ಎಂದು ಕಣ್ಣು ಮುಚ್ಚಿ, ಒಂದು ಬಿಲ್ವದ ದಳವನ್ನು ಪುಸ್ತಕದೊಳಗೆ ತೂರಿಸಿ, ದಳ ನಿಂತ ಕಡೆ ಬಿಚ್ಚಿ, ವ್ಯಾಸಪೀಠದ ಮೇಲೆ ತಾನೇ ಇಟ್ಟಳು.

ನಾನು ನೋಡಿದೆ. ಒಂದೇ ನೋಟಕ್ಕೆ ಇಡೀ ಪುಟ ತಾನಾಗಿ ಓದಿಸಿಕೊಂಡಿತು. ಅಕ್ಷರಗಳೆಲ್ಲ ನನ್ನ ಹಳೆಯ ಗೆಳತಿಯರು, ಶಾಲೆಯ ಆಚೆ ಬದಿಯಿಂದ ನಾನು ಕಾಣುತ್ತಿದ್ದ ಅದೇ ಮುಖದಲ್ಲಿ. ಅಜ್ಜಿ ಪುಸ್ತಕವನ್ನು ತಲೆಕೆಳಗಾಗಿ ಇಟ್ಟಿದ್ದಳು. ತಾತನಿಗೆ ಕಾಣದು. ಅಮ್ಮನಿಗೆ, ಹೆಂಗಸರಿಗೆ ತಿಳಿಯದು. ಅಪ್ಪ ಮತ್ತು ಮೇಷ್ಟ್ರು ದೂರದಲ್ಲಿದ್ದರು. ಹಾಗೇ ಓದಿದ್ದರೆ ಒಂದು ಕಡೆಯೂ ಎಡವದೆ ಪುಟ ಮುಗಿಸಿ, ಆ ರಾತ್ರಿ ನೆಮ್ಮದಿಯಾಗಿ ಮಲಗಬಹುದಿತ್ತು. ನನ್ನ ಬಾಯಿ ತೆರೆದೂ ಇತ್ತು. ಆಗ ಒಳಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈ ಕಂಡಿತು. ಅವಳಿಗೆ ಅರಿವಿಲ್ಲದೆಯೇ ಆ ಕೈ ಗಾಳಿಯಲ್ಲಿ ಮೊರವನ್ನು ತಿರುಗಿಸುತ್ತಿತ್ತು.

ನಾನು ಪುಸ್ತಕವನ್ನು ಎತ್ತಿ, ತಿರುಗಿಸಿ, ನೆಟ್ಟಗೆ ಇಟ್ಟೆ.

"ಯಾಕೆ ತಿರುಗಿಸ್ದೆ? ಆಟ ಕಟ್ತೀಯಾ?" ಎಂದಳು ಅಜ್ಜಿ.

"ತಲೆಕೆಳಗಾಗಿತ್ತು ಅಜ್ಜಿ."

ಅಜ್ಜಿ ಬಗ್ಗಿ ಪುಟವನ್ನು ನೋಡಿದಳು. ಕತ್ತು ವಾಲಿಸಿ ಮತ್ತೆ ನೋಡಿದಳು. ಅಷ್ಟು ದಿನ ಹಲಗೆಯೆದುರು ಕೂತವಳು ಬತ್ತಿಯನ್ನು, ನಮ್ಮನ್ನು, ಮೇಷ್ಟ್ರನ್ನು ನೋಡಿದ್ದಳೇ ಹೊರತು ಹಲಗೆಯನ್ನು ನೋಡಿರಲಿಲ್ಲ. ಅವಳ ದನಿ ಇಳಿಯಿತು.

"ನಂಗೆ ಎರಡು ಕಡೆಯಿಂದ್ಲೂ ಒಂದೇ ಥರ ಕಾಣ್ತೈತಲ್ಲವ್ವ."

ಯಾರೂ ನಗಲಿಲ್ಲ. ನಾನು ಓದಲು ಶುರು ಮಾಡಿದೆ. ಒಂದೊಂದೇ ಅಕ್ಷರ ಕೂಡಿಸಿಕೊಂಡು, ನಿಂತು, ಮತ್ತೆ ಹಿಡಿದು, ಪಾಚಿ ಕಟ್ಟಿದ ಬಂಡೆಯ ಮೇಲೆ ಹೆಜ್ಜೆ ಇಟ್ಟವಳ ಹಾಗೆ. ನಾನು ಎಡವಿದಲ್ಲೆಲ್ಲ ತಾತನ ತುಟಿಗಳೂ ನಿಲ್ಲುತ್ತಿದ್ದವು. ಅವನಿಗೆ ಆ ಪುರಾಣ ಪೂರಾ ಕಂಠಸ್ಥ. ಆದರೂ ಒಂದು ಪದವನ್ನೂ ಎತ್ತಿಕೊಡದೆ, ಸಂತೆಯ ದಾರಿಯಲ್ಲಿ ಹಿಂದುಳಿದ ಮಗುವಿಗಾಗಿ ಕಾಯುವವನಂತೆ ಕಾಯುತ್ತಿದ್ದ. ಸಾಲು ಕೆಳಗಿಳಿದಂತೆ ನನ್ನ ಮುಖವೂ ಪುಸ್ತಕದತ್ತ ಬಾಗುತ್ತ ಹೋಯಿತು. ದೀಪ ದೂರವಿತ್ತು, ಪುಟದ ಅರ್ಧ ನೆರಳಿನಲ್ಲಿತ್ತು.

ನಡುವೆ ಯಾರೋ ಎದ್ದ ಸದ್ದಾಯಿತು. ತಲೆಯೆತ್ತಿ ನೋಡಿದೆ. ಅಜ್ಜಿ ಕಂಬದ ಬಳಿ ನಿಂತಿದ್ದಳು. ತಾತನ ಬಲಕ್ಕಿದ್ದ ಕಾಲುದೀಪವನ್ನು ಎರಡೂ ಕೈಯಿಂದ ಹಿಡಿದು ಎತ್ತಿದಳು. ಕೆನ್ನೆಯ ಮೇಲಿನ ಬಿಸುಪು ಸರಿದುಹೋದದ್ದು ತಾತನಿಗೆ ತಿಳಿದಿರಬೇಕು, ಆ ಕಡೆ ಮುಖ ತಿರುಗಿಸಿದ. ಅಜ್ಜಿ ಮಕ್ಕಳನ್ನು ದಾಟಿಕೊಂಡು, ಎಣ್ಣೆ ತುಳುಕದ ಹಾಗೆ ನಿಧಾನವಾಗಿ ನಡೆದುಬಂದು, ದೀಪವನ್ನು ನನ್ನ ಬಲಕ್ಕೆ ಇಟ್ಟು ಬತ್ತಿಯನ್ನು ಮುಂದಕ್ಕೆ ನೂಕಿದಳು.

"ಕತ್ಲಲ್ಲಿ ಓದ್ಬ್ಯಾಡ," ಎಂದಳು. "ಕಣ್ಣು ಹಾಳಾಯ್ತವೆ."

ನಾನು ಬಿಟ್ಟ ಸಾಲನ್ನು ಬೆರಳಿಟ್ಟು ಹುಡುಕಿ, ಮುಂದಕ್ಕೆ ಓದಿದೆ.